ನಮ್ಮ ಪಂಚಾಯಿತಿ ನಮಗಿರಲಿ

(ಗ್ರಾಮಸಭೆಗೆ ಮುನ್ನ ನಡೆದ ರೈತರ ಕೂಟದಲ್ಲಿ ಗ್ರಾಮಸೇವಕರು ಆಡಿದ ಮಾತು)



ರಾಗಿ ಬೀಜೋಪಚಾರ ತೋರಿಸಲು ಬಂದವನು ಊರಾಡಳಿತದ ಮಾತೆತ್ತುತ್ತಾನಲ್ಲ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಈಚೆಗೆ ಪೇಟೆಗೆ ಹತ್ತಿರದ ಯಾವ ಹಳ್ಳಿಗೆ ಹೋದರೂ ಬೀಜದ ಮಾತು ಮುಗಿಯುವ ಮೊದಲೇ, "ನಮ್ಮೂರನ್ನೂ ಸಿಟಿಗೆ ಸೇರಿಸ್ತಾರಂತೆ, ಹೌದಾ ಸ್ವಾಮಿ?" ಎಂದು ಕೇಳುತ್ತಾರೆ. ಕೇಳುವವರಲ್ಲಿ ಹಲವರಿಗೆ ಹಿಗ್ಗು. ಜಮೀನಿನ ಬೆಲೆ ಏರೀತೆಂದು. ಒಬ್ಬ ಹಿರಿಯರು ಮಾತ್ರ ಬೇರೆ ಮಾತು ಕೇಳಿದರು: "ಆಮೇಲೆ ನಲ್ಲೀಲಿ ನೀರು ಬರದಿದ್ರೆ ಯಾರ ಮನೆ ಬಾಗಿಲಿಗೆ ಹೋಗೋದಪ್ಪ?"

ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಇದು ನನ್ನ ಸ್ವಂತ ಅಭಿಪ್ರಾಯ, ಇಲಾಖೆಯದಲ್ಲ.

ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ 400 ಜನಕ್ಕೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಆತ ನಿಮ್ಮ ಬೀದಿಯವನೇ. ಆತನ ಎಮ್ಮೆಯೂ ನಿಮ್ಮ ಎಮ್ಮೆ ಕುಡಿಯುವ ತೊಟ್ಟಿಯಲ್ಲೇ ನೀರು ಕುಡಿಯುತ್ತದೆ. ನೀರುಗಂಟಿ ಬಾರದಿದ್ದರೆ ಆತನ ಮನೆಯಾಕೆಯೂ ಕೊಡ ಹೊರಬೇಕು. ಈಗ ಬೆಂಗಳೂರಿನ ಲೆಕ್ಕ ನೋಡಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಚುನಾಯಿತ ಸದಸ್ಯರಿದ್ದಾಗ ಇದ್ದ ವಾರ್ಡುಗಳು 198; 2011ರ ಜನಗಣತಿಯಂತೆ ಜನ ಸುಮಾರು 84 ಲಕ್ಷ. ಭಾಗಿಸಿದರೆ ಒಬ್ಬ ಸದಸ್ಯನ ಪಾಲಿಗೆ 42,000 ಜನ. ಇಲ್ಲಿ 400, ಅಲ್ಲಿ 42,000! ಆ ನಲವತ್ತೆರಡು ಸಾವಿರದಲ್ಲಿ ಒಕ್ಕಲು ಮಾಡುವವರು ಎಷ್ಟು ಮಂದಿ ಇದ್ದಾರು? ಕೆರೆಯ ತೂಬು ಸೋರುತ್ತಿದೆ ಎಂದು ನೀವು ಹೇಳಿದರೆ, ತೂಬು ಎಂದರೇನೆಂದು ಕೇಳುವ ಜನವೇ ಅಲ್ಲಿ ಹೆಚ್ಚು.

ಆ ಪಾಲಿಕೆ ಹುಟ್ಟಿದ್ದು 2007ರ ಜನವರಿಯಲ್ಲಿ. ಹಳೆಯ ಬೆಂಗಳೂರಿನ 100 ವಾರ್ಡುಗಳ ಜೊತೆಗೆ ಯಲಹಂಕ, ದಾಸರಹಳ್ಳಿ, ಬೊಮ್ಮನಹಳ್ಳಿ ಮೊದಲಾದ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, ಸುತ್ತಲಿನ 110 ಹಳ್ಳಿಗಳು, ಎಲ್ಲವನ್ನೂ ಒಂದೇ ಮೂಟೆಯಾಗಿ ಕಟ್ಟಿದರು. ಬೆಳ್ಳಂದೂರಿನಂಥ ಪಂಚಾಯಿತಿ, ಬೇರೆಯವರಿಗಿಂತ ಮುಂಚೆಯೇ ಗಣಕಯಂತ್ರದಲ್ಲಿ ಲೆಕ್ಕ ಇಟ್ಟು ಹೆಸರಾಗಿದ್ದದ್ದು, ಅದೂ ಮೂಟೆಯೊಳಗೆ ಹೋಯಿತು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ಮೂರು ವರ್ಷ ಆ ಹಳ್ಳಿಗಳಿಗೆ ಪಂಚಾಯಿತಿಯೂ ಇಲ್ಲ, ಪಾಲಿಕೆ ಸದಸ್ಯನೂ ಇಲ್ಲ, ಆಡಳಿತಾಧಿಕಾರಿಯೇ ಎಲ್ಲ. ಮತ್ತೆ 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ 2025ರಲ್ಲಿ ಆ ಪಾಲಿಕೆಯೇ ಇಲ್ಲವಾಗುವವರೆಗೆ ಚುನಾಯಿತ ಸದಸ್ಯ ಒಬ್ಬನೂ ಇರಲಿಲ್ಲ.

ನೀರಿನ ಆಸೆಗೆ ಸೇರೋಣ ಎನ್ನುವವರು ಇದನ್ನೂ ಕೇಳಬೇಕು. ಆ 110 ಹಳ್ಳಿಗಳಿಗೆಂದೇ ಕೈಗೊಂಡ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. 2007ರಲ್ಲಿ ತೊಟ್ಟಿಲಲ್ಲಿದ್ದ ಕೂಸಿಗೆ ಆಗ ಹದಿನೇಳು ವರ್ಷ! ತೆರಿಗೆಯೇನೋ ಕಾಯಲಿಲ್ಲ. ಭೂಪರಿವರ್ತನೆಯಾಗದ ಕಂದಾಯ ನಿವೇಶನದವರಿಂದ ತೆರಿಗೆ ಕಟ್ಟಿಸಿಕೊಂಡು, ಹೆಸರನ್ನು 'ಬಿ' ರಿಜಿಸ್ಟರಿನಲ್ಲಿ ಬರೆದರು. ಆ 'ಬಿ' ಖಾತೆಯನ್ನು 'ಎ' ಮಾಡಿಸಲು ಜನ ವರ್ಷಗಟ್ಟಲೆ ಅಲೆದದ್ದು ನಿಮ್ಮ ನೆಂಟರಿಷ್ಟರಿಗೇ ಗೊತ್ತು.

ಇನ್ನೊಂದು ವಿಷಯವನ್ನು ಬೇಸಾಯದವನಾಗಿ ಹೇಳುತ್ತೇನೆ. ಹೊಲದ ಬದು, ಕೃಷಿಹೊಂಡ, ದನದ ಕೊಟ್ಟಿಗೆ, ಇವು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಕಡೆ ಆಗಿರುವುದು ಉದ್ಯೋಗ ಖಾತರಿಯ ದುಡ್ಡಿನಿಂದ. ಆ ದುಡ್ಡು ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಊರು ನಗರದ ಪಟ್ಟಿಗೆ ಸೇರಿದ ಮೇಲೆ ಹೊಲ ಅಲ್ಲೇ ಇರುತ್ತದೆ, ಬದುವಿನ ಕೆಲಸ ನಿಲ್ಲುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆದು, ಖರ್ಚು ಎಷ್ಟಾಯಿತೆಂದು ನಿಮಗೆ ಎದುರಿಗೆ ನಿಂತು ಹೇಳಬೇಕೆಂಬ ಕಟ್ಟಳೆಯೂ ಪಂಚಾಯಿತಿಯ ಜೊತೆಗೇ ಹೋಗುತ್ತದೆ. (ಈಗಿರುವ ಗ್ರಾಮಸಭೆಗೆ ನೀವೇ ಎಷ್ಟು ಜನ ಬರುತ್ತೀರಿ ಎಂದು ನಾನು ಕೇಳಿದರೆ ಬೇಸರಿಸಬಾರದು.)

ಎದುರು ಪಕ್ಷದ ಮಾತಿನಲ್ಲೂ ಹುರುಳಿದೆ. ಹೊಲವೆಲ್ಲ ಲೇಔಟಾಗಿ, ಮೂರು ಮೂರು ಅಂತಸ್ತಿನ ಮನೆ ಎದ್ದಿರುವ ಕಡೆ ಒಳಚರಂಡಿಯನ್ನು ಒಂದು ಪಂಚಾಯಿತಿ ತನ್ನ ಕೈಯಿಂದ ಮಾಡಲಾರದು. ಕೊಳಚೆ ನೀರಿಗೆ ಗಡಿಕಲ್ಲು ಕಾಣುವುದಿಲ್ಲ. ಅಂಥ ಊರು ನಗರಕ್ಕೆ ಸೇರಲು ಬಯಸಿದರೆ ನಾನು ಬೇಡವೆನ್ನೆ. ಆದರೆ ಕೊಳಚೆ, ರಸ್ತೆ, ಕಸ ಇವನ್ನು ಕೂಡಿ ಯೋಚಿಸಲು ಊರನ್ನೇ ಕರಗಿಸಬೇಕಾಗಿಲ್ಲ. ಪಂಚಾಯಿತಿಗಳ ಯೋಜನೆಯನ್ನೂ ನಗರಗಳ ಯೋಜನೆಯನ್ನೂ ಒಂದು ಮಾಡಲೆಂದೇ ಸಂವಿಧಾನದಲ್ಲಿ ಜಿಲ್ಲಾ ಯೋಜನಾ ಸಮಿತಿ ಎಂದು ಹೇಳಿದೆ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರೇ ಆಗಿರಬೇಕು. ಆ ಸಮಿತಿಯನ್ನು ದುಡಿಸಿಕೊಳ್ಳದೆ, ನೆರೆಮನೆಯವನೊಡನೆ ಬಾವಿ ಹಂಚಿಕೊಳ್ಳಲಾಗದೆಂದು ಮನೆಯನ್ನೇ ಅವನ ಹೆಸರಿಗೆ ಬರೆದುಕೊಡುವುದೇಕೆ?

ದೊಡ್ಡದು ಮಾಡಿದವರೇ ಈಗ ಒಡೆಯುತ್ತಿದ್ದಾರೆ. ಬೆಂಗಳೂರನ್ನು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆ ಮಾಡಿದರು. 1962ರಲ್ಲಿ ಒಂದಾದ ಹುಬ್ಬಳ್ಳಿ-ಧಾರವಾಡದಲ್ಲಿ ಧಾರವಾಡದವರು ತಮಗೆ ಬೇರೆ ಪಾಲಿಕೆ ಬೇಕೆಂದು ಹಟ ಹಿಡಿದು, 2025ರ ಜನವರಿಯಲ್ಲಿ ಸಚಿವ ಸಂಪುಟದ ಒಪ್ಪಿಗೆ ಪಡೆದರು. ಆದರೆ ಗಮನಿಸಿ: ಬೆಂಗಳೂರು ಐದಾಯಿತೇ ಹೊರತು ಆ 110 ಹಳ್ಳಿಗಳಿಗೆ ಪಂಚಾಯಿತಿ ಮರಳಿ ಬರಲಿಲ್ಲ. ಒಮ್ಮೆ ಕೊಟ್ಟದ್ದು ಹಿಂದಕ್ಕೆ ಬರುವುದು ಕಷ್ಟ.

ಆದ್ದರಿಂದ ನಿಮ್ಮಲ್ಲಿ ನನ್ನ ಅರಿಕೆ ಇಷ್ಟು. ಊರು ಸೇರಿಸುವ ಮೊದಲು ಸರ್ಕಾರ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕರೆಯುತ್ತದೆ. ಎಷ್ಟು ದಿನದೊಳಗೆ, ಯಾರಿಗೆ ಕೊಡಬೇಕೆಂದು ಅದರಲ್ಲೇ ಇರುತ್ತದೆ. ಅದು ಬರಲೆಂದು ಕಾಯಬೇಡಿ. ನಾಳೆಯ ಗ್ರಾಮಸಭೆಯಲ್ಲೇ ವಿಷಯ ಎತ್ತಿ. ಹೆಂಗಸರೂ ಬನ್ನಿ, ಕೊಡ ಹೊರುವವರು ನೀವೇ. ಸೇರುವುದು ಬೇಕೋ ಬೇಡವೋ ನೀವೇ ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆಯೇ ರುಜು ಹಾಕಿ. ನಕಲನ್ನು ತಾಲ್ಲೂಕು ಪಂಚಾಯಿತಿಗೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಬರೆಯುವವರು ಸಿಕ್ಕದಿದ್ದರೆ ನನಗೆ ಹೇಳಿಕಳುಹಿಸಿ, ಸಾಯಂಕಾಲ ಆರರ ಮೇಲೆ ಬಿಡುವಾಗಿರುತ್ತೇನೆ.

ಬೀಜೋಪಚಾರ ಬಾಕಿ ಉಳಿದವರು ರಾಗಿ ತೆಗೆದುಕೊಂಡು ಈಗ ಶಾಲೆಯ ಜಗಲಿಗೆ ಬನ್ನಿ.