ಬಿಡುವಿನ ದಿನ ಯಾರದು?

(ಮಾಸೂರಿನಲ್ಲಿ ಪ್ರೌಢಶಾಲೆಯ ಮಕ್ಕಳ ಮುಂದೆ ಮಾಡಿದ ಭಾಷಣದ ಬರಹರೂಪ)



ಕ್ರಿಕೆಟ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಸಿಕ್ಸರು, ವಿಕೆಟ್ಟು, ಸೆಂಚುರಿ. ಅವನ್ನೆಲ್ಲ ತೋರಿಸಲು ಟಿ.ವಿ. ಇದೆ. ನಾನು ಆಟವೇ ಇಲ್ಲದ ಒಂದು ದಿನದ ವಿಷಯ ಹೇಳುತ್ತೇನೆ.

ಇಂಗ್ಲೆಂಡಿನ ಎಷ್ಟೋ ಶಾಲೆಗಳು ತಮ್ಮ ಹುಡುಗರ ತಂಡಗಳನ್ನು ವೆಸ್ಟ್ ಇಂಡೀಸಿಗೆ ಕಳಿಸುವುದುಂಟು. ಬಾರ್ಬಡೋಸ್ ದ್ವೀಪದಲ್ಲಿ ಸರ್ ಗಾರ್‌ಫೀಲ್ಡ್ ಸೋಬರ್ಸ್ ಹೆಸರಿನ ಶಾಲಾ ಟೂರ್ನಿಯೇ ನಡೆದಿದೆ. ಶಾಲಾ ಪ್ರವಾಸ ನಮ್ಮವರಿಗೂ ಹೊಸದಲ್ಲ. ಸಯ್ಯದ್ ಕಿರ್ಮಾನಿ 1967ರಲ್ಲಿ ಭಾರತದ ಶಾಲಾ ಬಾಲಕರ ತಂಡದೊಂದಿಗೆ ಇಂಗ್ಲೆಂಡಿಗೆ ಹೋಗಿ ಬಂದವರು. ಇಂಥ ಪ್ರವಾಸದ ಪಟ್ಟಿಯಲ್ಲಿ ಪಂದ್ಯ, ಪ್ರಯಾಣ, ಮತ್ತೆ ಪಂದ್ಯ ಎಂದು ಸಾಗುವ ನಡುವೆ ಒಂದು ಕಡೆ ‘ಬಿಡುವು’ ಎಂದಿರುತ್ತದೆ. ಆ ದಿನ ಹುಡುಗರು ಕಡಲಿಗೆ ಹೋಗುತ್ತಾರೆ, ಪೇಟೆ ಸುತ್ತುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ನೆಲದಲ್ಲಿ ‘ಬಿಡುವು’ ಎಂಬ ಆ ಒಂದು ಶಬ್ದಕ್ಕೇ ದೊಡ್ಡ ಚರಿತ್ರೆಯುಂಟು.

ಹಿಂದೆ ಟೆಸ್ಟ್ ಪಂದ್ಯದ ನಡುವೆಯೂ ಒಂದು ವಿಶ್ರಾಂತಿಯ ದಿನ ಇರುತ್ತಿತ್ತು. 1976ರಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ನಡೆದ ಟೆಸ್ಟ್ ನೋಡಿ. ಏಪ್ರಿಲ್ 7ರಿಂದ 12ರವರೆಗೆ, ಅಂದರೆ ದಿನ ಆರು. ಆಟ ಮಾತ್ರ ಐದು ದಿನದ್ದು. ಆ ಪಂದ್ಯದಲ್ಲಿ ಕರ್ನಾಟಕದ ನಾಲ್ವರಿದ್ದರು. ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ 120 ರನ್ನಿಗೆ 6 ವಿಕೆಟ್ ಪಡೆದರು. ಗೆಲ್ಲಲು 403 ರನ್ ಬೇಕಿತ್ತು. ವಿಶ್ವನಾಥ್ 112 ಹೊಡೆದರು, ಬ್ರಿಜೇಶ್ ಪಟೇಲ್ 49 ಗಳಿಸಿ ಔಟಾಗದೆ ಉಳಿದರು, ಭಾರತ 4 ವಿಕೆಟ್ಟಿಗೆ 406 ಮಾಡಿ ಗೆದ್ದಿತು. ವಿಕೆಟ್ಟಿನ ಹಿಂದೆ ನಿಂತಿದ್ದವರು ಅದೇ ಕಿರ್ಮಾನಿ.

ಈಗ ಎದುರು ಪಕ್ಷದವರ ಹೆಸರು ಕೇಳಿ. ಆ ಪಂದ್ಯದಲ್ಲಿ ಶತಕ ಹೊಡೆದ ಆಲ್ವಿನ್ ಕಾಳೀಚರಣ್ ಗಯಾನಾದವರು. ಸ್ಪಿನ್ ಬೌಲರುಗಳಾದ ಇಮ್ತಿಯಾಜ್ ಅಲಿ ಮತ್ತು ರಫೀಕ್ ಜುಮಾದೀನ್ ಟ್ರಿನಿಡಾಡಿನವರು. ಇವು ನಮ್ಮ ಸಂತೆಯಲ್ಲಿ ಕೂಗಿ ಕರೆದರೂ ಯಾರಾದರೂ ಓಗೊಡಬಹುದಾದ ಹೆಸರುಗಳು. ಏಳು ಸಮುದ್ರದಾಚೆ ಇವು ಹೋದದ್ದು ಹೇಗೆ?

ಕಬ್ಬಿನ ಹಿಂದೆ ಹೋದವು. ಆ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಮೊದಲು ದುಡಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಜಮೈಕಾದಂಥ ಕಡೆ ಭಾನುವಾರ ಅವರಿಗೆ ತೋಟದ ಕೆಲಸವಿರಲಿಲ್ಲ. ಆದರೆ ಹೊಟ್ಟೆಗೆ ಬೇಕಾದ ಗೆಡ್ಡೆಗೆಣಸನ್ನು ಅವರು ಬೆಳೆದುಕೊಳ್ಳಬೇಕಾದದ್ದು ಆ ದಿನವೇ, ಮಿಕ್ಕಿದ್ದನ್ನು ಸಂತೆಗೆ ಹೊತ್ತು ಮಾರಬೇಕಾದದ್ದೂ ಆ ದಿನವೇ. ಅದು ಧಣಿಯ ಖರ್ಚು ಉಳಿಸುವ ಬಿಡುವು. ಆದರೂ ಅದೇ ಸಂತೆಯಲ್ಲಿ ಅವರ ಕೈಗೆ ನಾಲ್ಕು ಕಾಸು ಬಂತು, ಬಾಯಿಗೆ ನಾಲ್ಕು ಮಾತು ಬಂತು. 1834ರ ಆಗಸ್ಟ್ 1ರಂದು ಗುಲಾಮಗಿರಿ ಕಾಯಿದೆಯಿಂದ ಹೋಯಿತು. ಪೂರ್ತಿ ಬಿಡುಗಡೆ ಸಿಕ್ಕದ್ದು 1838ರಲ್ಲಿ.

ಬಿಡುಗಡೆಯಾದವರಲ್ಲಿ ಅನೇಕರು ತೋಟ ಬಿಟ್ಟರು. ಆಗ ಧಣಿಗಳ ಕಣ್ಣು ನಮ್ಮ ದೇಶದ ಮೇಲೆ ಬಿತ್ತು. 1845ರ ಮೇ 30ರಂದು ಫತೇಲ್ ರಜಾಕ್ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯರನ್ನು ಟ್ರಿನಿಡಾಡಿನಲ್ಲಿ ಇಳಿಸಿತು. ಬಳಿಕ 1917ರವರೆಗೆ ಆ ಒಂದು ದ್ವೀಪಕ್ಕೇ 1,40,000ಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಕಲಕತ್ತೆಯಿಂದ, ಕೆಲವರು ಮದರಾಸಿನಿಂದ ಹಡಗು ಹತ್ತಿದರು. ಐದು ವರ್ಷದ ಕರಾರು. ‘ಅಗ್ರಿಮೆಂಟ್’ ಎಂಬ ಶಬ್ದ ಅವರ ಬಾಯಲ್ಲಿ ‘ಗಿರಮಿಟ್’ ಆಯಿತು. ನಿಮಗೆ ಗಿರಮಿಟ್ ಎಂದರೆ ಚುರುಮುರಿಯ ತಿಂಡಿ. ಅವರಿಗೆ ಅದು ಕಾಲಿಗೆ ಕಟ್ಟಿದ ಹಗ್ಗ. ದಿನಕ್ಕೆ ಒಂಬತ್ತು ತಾಸು, ವಾರಕ್ಕೆ ಆರು ದಿನ ದುಡಿಮೆ. ಏಳನೆಯ ದಿನ ಬಿಡುವಿತ್ತಲ್ಲ ಎನ್ನುತ್ತೀರಾ? ಇತ್ತು. ಆದರೆ ತೋಟದ ಎಲ್ಲೆ ದಾಟಲು ಚೀಟಿ ಬೇಕಿತ್ತು. ಚೀಟಿಯಿಲ್ಲದೆ ರಸ್ತೆಯಲ್ಲಿ ಸಿಕ್ಕವನನ್ನು ಪೊಲೀಸರು ಹಿಡಿಯಬಹುದಿತ್ತು.

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ ಎಂದು ಹಿರಿಯರು ನಡೆಸಿಕೊಂಡು ಬಂದ ವಾಡಿಕೆ ಅದು, ಒಳ್ಳೆಯ ವಾಡಿಕೆ. ಆದರೆ ಅಂದೂ ಎತ್ತು ಗ್ವಾದಲಿಯ ಮುಂದೆಯೇ ಇರುತ್ತದೆ. ಕಣ್ಣಿ ಬಿಚ್ಚಿಕೊಂಡು ತನಗೆ ಬೇಕಾದ ಊರಿಗೆ ಹೋಗುವುದಿಲ್ಲ. ದಣಿವು ಆರಿಸಿಕೊಳ್ಳುವುದು ಬೇರೆ, ಆ ದಿನ ನನ್ನದು ಎನ್ನುವುದು ಬೇರೆ. ಕರಾರಿನ ಕೂಲಿಗೆ ಸಿಕ್ಕಿದ್ದು ಎತ್ತಿನ ಸೋಮವಾರ. ಅವನು ಕೇಳಿದ್ದು ಮನುಷ್ಯನ ಬಿಡುವು.

ಹೇಗೆ ಕೇಳಿದ? ಹಬ್ಬದ ಮೂಲಕ ಕೇಳಿದ. ಮೊಹರಂ ಹಬ್ಬಕ್ಕೆ ಅಲ್ಲಿ ‘ಹೊಸೇ’ ಎನ್ನುತ್ತಾರೆ, ಹುಸೇನರ ಹೆಸರಿನಿಂದ ಬಂದ ಶಬ್ದ. ಬಿದಿರು, ಬಣ್ಣದ ಕಾಗದದಿಂದ ತಾಬೂತು ಕಟ್ಟಿ, ತಾಸೆ ಬಡಿಯುತ್ತ, ತೋಟ ತೋಟದವರು ಸೇರಿ ಪೇಟೆಯ ಮೂಲಕ ನೀರಿಗೆ ಒಯ್ಯುತ್ತಿದ್ದರು. ಹಿಂದೂಗಳೂ ಅದರಲ್ಲಿ ಮುಂದಾಳುಗಳು. ಇದು ನಿಮಗೆ ವಿಚಿತ್ರ ಅನಿಸಲಿಕ್ಕಿಲ್ಲ. ಹಿಂದೂಗಳು ಹರಕೆ ಹೊತ್ತು, ಹೆಜ್ಜೆ ಹಾಕಿ ಮೊಹರಂ ಮಾಡುವ ಊರುಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಬೇಕಾದಷ್ಟಿವೆ.

ಸಾವಿರಾರು ಕೂಲಿಗಳು ಒಟ್ಟಾಗಿ ನಡೆಯುವುದನ್ನು ಕಂಡು ಸರ್ಕಾರ ಹೆದರಿತು. 1884ರಲ್ಲಿ ಮೆರವಣಿಗೆ ಪೇಟೆಯೊಳಕ್ಕೆ ಬರಕೂಡದೆಂದು ನಿಯಮ ಮಾಡಿತು. ಸೂಖೂ ಎಂಬಾತ ಇತರರೊಂದಿಗೆ ಸೇರಿ ಮನವಿ ಬರೆದುಕೊಟ್ಟ. ಮನವಿ ಫಲಿಸಲಿಲ್ಲ. ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊ ಪೇಟೆಯ ಬಾಗಿಲಿಗೆ ತಾಬೂತುಗಳು ಬಂದಾಗ ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡವರು ನೂರರ ಸುಮಾರು. ಅವರು ಕೂಲಿ ಹೆಚ್ಚಿಸಿ ಎಂದು ಬಂದವರಲ್ಲ. ನಮ್ಮ ಹಬ್ಬದ ದಿನ ನಾವು ನಡೆದು ಬಂದ ದಾರಿಯಲ್ಲೇ ನಡೆಯುತ್ತೇವೆ ಎಂದವರು, ಅಷ್ಟೇ.

ಆ ದೇಶ ಇದನ್ನು ಮರೆತಿಲ್ಲ. ಟ್ರಿನಿಡಾಡಿನಲ್ಲಿ ಗುಲಾಮಗಿರಿ ಹೋದ ಆಗಸ್ಟ್ 1 ಅನ್ನು 1985ರಿಂದ ರಜೆಯ ದಿನ ಮಾಡಿದ್ದಾರೆ. ಮೊದಲ ಹಡಗು ಬಂದ ಮೇ 30 ಕೂಡ ರಜೆಯೇ. ವಿಶ್ವನಾಥ್ ಶತಕ ಹೊಡೆದ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಿಂದ ಪಶ್ಚಿಮಕ್ಕೆ ಕೊಂಚ ನಡೆದರೆ ಸೇಂಟ್ ಜೇಮ್ಸ್ ಎಂಬ ಬಡಾವಣೆ ಸಿಗುತ್ತದೆ. ಅಲ್ಲಿನ ಬೀದಿಗಳ ಹೆಸರು ಕಲಕತ್ತಾ, ಮದರಾಸು, ಬಾಂಬೆ, ದೆಹಲಿ. ಹೊಸೇ ತಾಬೂತುಗಳು ಆ ಬಡಾವಣೆಯಲ್ಲಿ ಇಂದಿಗೂ ಹೊರಡುತ್ತವೆ. ಪಂದ್ಯದ ದಿನ ಆಟಗಾರನ ಕಣ್ಣು ಚೆಂಡಿನ ಮೇಲೆಯೇ ಇರಬೇಕು. ಆ ಬೀದಿ ಕಾಣಿಸುವುದು ಬಿಡುವಿನ ದಿನ ಮಾತ್ರ.

ನಮ್ಮ ದೇಶದಲ್ಲೂ ವಾರದ ರಜೆ ಮೇಲಿನಿಂದ ಉದುರಿ ಬಿದ್ದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕದ್ದು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ. ನೀವು ಭಾನುವಾರ ಬ್ಯಾಟು ಹಿಡಿದು ಬಯಲಿಗೆ ಓಡುವುದರ ಹಿಂದೆ ಅವರ ಬೆವರೂ ಇದೆ.

ಗದಗಿನ ಸುನೀಲ್ ಜೋಶಿ 1997ರಲ್ಲಿ ಭಾರತ ತಂಡದೊಂದಿಗೆ ವೆಸ್ಟ್ ಇಂಡೀಸಿಗೆ ಹೋದರು. ನಾಳೆ ನಿಮ್ಮಲ್ಲೊಬ್ಬರು ಹೋಗಬಹುದು. ಹೋದರೆ, ಪಟ್ಟಿಯಲ್ಲಿ ‘ಬಿಡುವು’ ಎಂದಿರುವ ದಿನ ಕಡಲಲ್ಲಿ ಮನಸಾರೆ ಈಜಿ, ಸಂಜೆ ಆ ಬೀದಿಗಳಲ್ಲಿ ನಡೆಯಿರಿ. ಕಾಳೀಚರಣ್‌ರಂಥವರ ಅಜ್ಜಂದಿರ ಕಥೆ ಕೇಳಿರಿ. ಹೋಗಲಾಗದಿದ್ದರೂ ಚಿಂತೆಯಿಲ್ಲ. ಮುಂದಿನ ಭಾನುವಾರ ಮನೆಯಲ್ಲೇ ಸುತ್ತ ನೋಡಿ. ನಿಮಗೆ ರಜೆ, ಅಪ್ಪನಿಗೆ ರಜೆ, ಸೋಮವಾರ ಎತ್ತಿಗೂ ರಜೆ. ಏಳೂ ದಿನ ರೊಟ್ಟಿ ಬಡಿಯುವ ಅವ್ವನ ರಜೆ ಯಾವ ವಾರ? ಈ ಪ್ರಶ್ನೆಗೆ ಉತ್ತರ ನಾನು ಹೇಳುವುದಿಲ್ಲ. ನೀವು ಮನೆಗೆ ಹೋಗಿ ಅವ್ವನನ್ನೇ ಕೇಳಿರಿ.