ಯಂತ್ರಕ್ಕೆ ಬಂದ ಜ್ವರ

ಮಗುವಿನ ಮೈ ಬಿಸಿಯಾಯಿತೆಂದರೆ ತಾಯಿಯಾದವಳು ಮೊದಲು ಹಣೆಯ ಮೇಲೆ ಕೈಯಿಟ್ಟು ನೋಡುತ್ತಾಳೆ. ಜ್ವರಮಾಪಕ ಆಮೇಲಿನ ಮಾತು. ಗಣಕಯಂತ್ರಕ್ಕೆ ಹಣೆಯಿಲ್ಲ. ಅದರ ಮಿದುಳೆನಿಸಿದ ಪ್ರೊಸೆಸರ್ ಒಂದು ಲೋಹದ ಮುಚ್ಚಳದ ಅಡಿಯಲ್ಲಿದೆ. ಮುಚ್ಚಳದ ಮೇಲೆ ಶಾಖವನ್ನು ಹೀರುವ ಲೋಹದ ಗರಿಗಳು, ಅವುಗಳ ಮೇಲೆ ಫ್ಯಾನು. ಹೀಗೆ ಅಂತಃಪುರದಲ್ಲಿ ಕುಳಿತದ್ದರ ಮೈ ಎಷ್ಟು ಬಿಸಿಯಾಗಿದೆ ಎಂಬುದನ್ನು ಅದೇ ಹೇಳಬೇಕು, ನಾವು ನಂಬಬೇಕು. ಅದು ಹೇಳಿದ್ದು ದಿಟವೇ ಎಂಬ ಪ್ರಶ್ನೆ ನನಗೆ ಎದುರಾದ ಪ್ರಸಂಗವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಕನ್ನಡದ ಮೇಷ್ಟ್ರಿಗೆ ಈ ಉಸಾಬರಿ ಏಕೆಂದು ಕೆಲವರು ಹುಬ್ಬೇರಿಸಿಯಾರು. ತುಸು ತಾಳ್ಮೆಯಿಂದ ಕೇಳಬೇಕೆಂದು ಕೋರುತ್ತೇನೆ.

೨೦೧೭ರಲ್ಲಿ ನನ್ನ ಮಗಳ ಮಗ ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿದ ಯಂತ್ರವದು. ಪ್ರೊಸೆಸರಿನ ಹೆಸರು ರೈಜೆನ್ ೭ ೧೭೦೦ ಎಕ್ಸ್. ಅವನು ಉದ್ಯೋಗಕ್ಕೆಂದು ಊರು ಬಿಟ್ಟಾಗ ಯಂತ್ರ ನನ್ನ ಪಾಲಿಗೆ ಬಂತು. ನಾಲ್ಕು ದಶಕಗಳಿಂದ ಚೀಟಿಗಳಲ್ಲಿ ಕೂಡಿಟ್ಟಿದ್ದ ಗ್ರಾಮ್ಯ ಪದಗಳನ್ನು, ಗಾಡಿಯ ಮೂಕಿ, ಅಚ್ಚು, ಕಡಾಣಿಗಳಿಂದ ಹಿಡಿದು ಮಳೆಯ ನಾನಾ ಬಗೆಗಳವರೆಗೆ, ಅದರಲ್ಲಿ ತುಂಬಲು ಕುಳಿತೆ. ತುಂಬಿದ ಚೀಟಿಯನ್ನು ಹರಿದೆಸೆಯುವ ದುರಭ್ಯಾಸವೂ ಆಗಲೇ ಅಂಟಿಕೊಂಡಿತು.

ಒಂದು ಬೇಸಿಗೆಯಲ್ಲಿ ಫ್ಯಾನಿನ ಸದ್ದು ಹೆಚ್ಚಾಯಿತು. ಅಂಗಡಿಯಿಂದ ಬಂದ ಹುಡುಗ ತನ್ನಲ್ಲಿದ್ದ ಹಳೆಯ ತಂತ್ರಾಂಶವೊಂದನ್ನು ಓಡಿಸಿ, "ಸಾರ್, ಕೆಲಸ ಇಲ್ದೆ ಸುಮ್ನಿದ್ರೂ ಐವತ್ತೆಂಟು ಡಿಗ್ರಿ, ಕೆಲಸ ಕೊಟ್ರೆ ಎಂಬತ್ತೆಂಟು. ಪ್ರೊಸೆಸರ್ ಇನ್ನು ಬಾಳಿಕೆ ಬರೋಲ್ಲ, ಬೋರ್ಡೂ ಸೇರಿಸಿ ಬದಲಾಯಿಸ್ಬಿಡಿ" ಎಂದ. ಅವನು ಹೇಳಿದ ಮೊತ್ತ ನನ್ನ ಒಂದು ತಿಂಗಳ ನಿವೃತ್ತಿವೇತನದ ಬಹುಪಾಲು. ಅದಕ್ಕಿಂತ ಮಿಗಿಲಾಗಿ ನನ್ನ ಪದಗಳ ಗತಿಯೇನೆಂಬ ಕಳವಳ. ಪದಗಳು ಕುಳಿತಿರುವುದು ಬೇರೆಡೆ, ಪ್ರೊಸೆಸರಿನಲ್ಲಲ್ಲ ಎಂಬಷ್ಟೂ ನನಗೆ ಆಗ ತಿಳಿಯದು.

ರಾತ್ರಿ ಮೊಮ್ಮಗನಿಗೆ ಫೋನು ಮಾಡಿದೆ. "ತಾತ, ಈಗಿನ ತಂತ್ರಾಂಶ ಒಂದನ್ನು ಹಾಕಿ ನೋಡಿ. ಆದರೆ ಎರಡನ್ನೂ ಒಟ್ಟಿಗೆ ಓಡಿಸಬೇಡಿ" ಎಂದ. ಒಂದೇ ಚಿಪ್ಪನ್ನು ಇಬ್ಬರು ಏಕಕಾಲಕ್ಕೆ ಪ್ರಶ್ನಿಸಿದರೆ ಉತ್ತರ ಕಲಸಿಹೋಗುವುದುಂಟಂತೆ. ಹೊಸದು ಹೇಳಿತು: ಸುಮ್ಮನಿದ್ದಾಗ ೩೮, ದುಡಿವಾಗ ೬೮.

ಇಲ್ಲಿ ನನ್ನ ಕಸುಬು ನೆರವಿಗೆ ಬಂತು. ಗ್ರಂಥಸಂಪಾದನೆಯಲ್ಲಿ ಎರಡು ಓಲೆಪ್ರತಿಗಳ ಪಾಠ ಬೇರೆಯಾದಾಗ, ಭೇದ ಎಲ್ಲೋ ಒಂದೆಡೆಯಿದ್ದರೆ ಅದು ಲಿಪಿಕಾರನ ಕೈತಪ್ಪು ಎನ್ನುತ್ತೇವೆ. ಎಲ್ಲೆಲ್ಲೂ ೞಕಾರವಿರಬೇಕಾದೆಡೆ ಳಕಾರವೇ ಇದ್ದರೆ ಅದು ತಪ್ಪಲ್ಲ, ಅವನ ಕಾಲದ ರೂಢಿ. ನನ್ನ ಯಂತ್ರದಲ್ಲಿ ಐವತ್ತೆಂಟಕ್ಕೂ ಮೂವತ್ತೆಂಟಕ್ಕೂ ಇಪ್ಪತ್ತರ ಅಂತರ. ಎಂಬತ್ತೆಂಟಕ್ಕೂ ಅರವತ್ತೆಂಟಕ್ಕೂ ಅಷ್ಟೇ ಅಂತರ. ಕೆಟ್ಟ ಸಂವೇದಕ ಇಷ್ಟು ಶಿಸ್ತಿನಿಂದ ತಪ್ಪುವುದಿಲ್ಲ.

ಸಂಗತಿ ಹಾಗೆಯೇ ಇತ್ತು. ೧೭೦೦ ಎಕ್ಸ್, ೧೮೦೦ ಎಕ್ಸ್ ಪ್ರೊಸೆಸರುಗಳು ವರದಿಮಾಡುವ ಸಂಖ್ಯೆ ನಿಜವಾದ ಉಷ್ಣತೆಗಿಂತ ೨೦ ಡಿಗ್ರಿ ಹೆಚ್ಚಿರುತ್ತದೆಂದು ತಯಾರಕರಾದ ಎಎಂಡಿಯವರೇ ೨೦೧೭ರ ಮಾರ್ಚಿಯಲ್ಲಿ ತಿಳಿಸಿದ್ದರು. ಬೇರೆಬೇರೆ ಪ್ರೊಸೆಸರುಗಳಿಗೆ ಫ್ಯಾನಿನ ವೇಗದ ನಿಯಮ ಒಂದೇ ಇರಲೆಂಬುದು ಉದ್ದೇಶ. ಮುಂದಿನ ೨೭೦೦ ಎಕ್ಸ್‌ನಲ್ಲಿ ಈ ಕೂಡಿಕೆ ೧೦. ಅಂದಮೇಲೆ ಯಂತ್ರ ಸುಳ್ಳಾಡಿರಲಿಲ್ಲ. ಫ್ಯಾನಿಗೆಂದು ಆಡಿದ ಮಾತನ್ನು ಹಳೆಯ ತಂತ್ರಾಂಶ ನಮಗೆಂದು ತಿಳಿದು ಒಪ್ಪಿಸಿತ್ತು.

ಇಂಟೆಲ್‌ನವರ ಕೋರ್ ವಂಶದ ಪ್ರೊಸೆಸರುಗಳದು ಇನ್ನೊಂದು ಸ್ವಾರಸ್ಯ. ಅವುಗಳೊಳಗಿನ ಸಂವೇದಕ ಉಷ್ಣತೆಯನ್ನು ಹೇಳುವುದೇ ಇಲ್ಲ. ಗರಿಷ್ಠ ಮಿತಿಗೆ ಇನ್ನೆಷ್ಟು ಬಾಕಿ ಎಂದಷ್ಟೇ ಹೇಳುತ್ತದೆ. ಸ್ವೀಡನ್ನಿನ ಖಗೋಳಜ್ಞ ಸೆಲ್ಸಿಯಸ್ ೧೭೪೨ರಲ್ಲಿ ಮುಂದಿಟ್ಟ ಮೂಲ ಮಾನದಂಡದಲ್ಲಿಯೂ ನೀರು ಕುದಿಯುವುದು ಸೊನ್ನೆ, ಹೆಪ್ಪುಗಟ್ಟುವುದು ನೂರು ಎಂದಿತ್ತು. ಆಮೇಲಿನವರು ಅದನ್ನು ತಿರುಗಿಸಿ ನಿಲ್ಲಿಸಿದರು. ಇಲ್ಲಿ ತಿರುಗಿಸುವ ಹೊಣೆ ತಂತ್ರಾಂಶದ್ದು. ಮಿತಿ ೧೦೦, ಬಾಕಿ ೬೦ ಎಂದರೆ ಉಷ್ಣತೆ ೪೦. ಮಿತಿಯೇ ೮೫ ಎಂದು ತಂತ್ರಾಂಶ ತಪ್ಪಾಗಿ ಎಣಿಸಿದ್ದರೆ ಅದು ೨೫ ಎನ್ನುತ್ತದೆ. ಕೋಣೆಯೇ ಮೂವತ್ತು ಡಿಗ್ರಿ ಇರುವಾಗ ಬರಿಯ ಗಾಳಿಯಿಂದ ತಣಿಯುವ ಪ್ರೊಸೆಸರ್ ಇಪ್ಪತ್ತೈದಕ್ಕೆ ಇಳಿಯಲಾರದು. ಕಳ್ಳ ಸಿಕ್ಕಿಬೀಳುವುದು ಅಲ್ಲಿಯೇ. ಈ ಸಂವೇದಕಗಳ ಮಾತು ಮಿತಿಯ ಸಮೀಪದಲ್ಲಿ ನಂಬಲರ್ಹ, ಅದರಿಂದ ದೂರ ಸರಿದಷ್ಟೂ ಸಡಿಲ. ೪೫ ನ್ಯಾನೊಮೀಟರ್ ಪೀಳಿಗೆಯ ಕೆಲವಂತೂ ಒಂದು ಮಟ್ಟಕ್ಕಿಂತ ಕೆಳಗಿಳಿಯದೆ ಅಲ್ಲಿಯೇ ನಿಂತುಬಿಡುತ್ತಿದ್ದವು.

ಇನ್ನು ೧೨೭ ಎಂದೋ ಋಣ ೧೨೮ ಎಂದೋ ಕಾಣಿಸಿದರೆ ಗಾಬರಿಪಡಬೇಕಾದ್ದಿಲ್ಲ. ಒಂದು ಬೈಟಿನಲ್ಲಿ ಹಿಡಿಸುವ ಸಂಖ್ಯೆಗಳ ಎರಡು ತುದಿಗಳವು. ಬೋರ್ಡಿನ ಮೇಲೆ ಸಂವೇದಕವನ್ನೇ ಜೋಡಿಸದೆ ಬಿಟ್ಟ ಖಾಲಿ ಜಾಗದಿಂದ ಬರುವ ಉತ್ತರ ಸಾಮಾನ್ಯವಾಗಿ ಇದೇ.

ನಾನು ಕಂಡುಕೊಂಡ ಪರೀಕ್ಷೆ ಸರಳ. ರಾತ್ರಿಯೆಲ್ಲ ಆರಿದ್ದ ಯಂತ್ರವನ್ನು ಬೆಳಗ್ಗೆ ಹಚ್ಚಿದೊಡನೆ ತೋರುವ ಅಂಕಿಯನ್ನು ಕೋಣೆಯ ತಾಪಮಾಪಕದ ಪಕ್ಕ ಬರೆದುಕೊಳ್ಳಬೇಕು. ಅದು ಕೋಣೆಗಿಂತ ಕಡಿಮೆಯಿರಕೂಡದು, ವಿಪರೀತ ಹೆಚ್ಚೂ ಇರಕೂಡದು. ಆಮೇಲೆ ಭಾರವಾದ ಕೆಲಸ ಕೊಡಬೇಕು. ಅಂಕಿ ಏರಿ, ಕೆಲಸ ನಿಂತ ಮೇಲೆ ಇಳಿದರೆ ಸಂವೇದಕ ಜೀವಂತ. ಅಲುಗದಿದ್ದರೆ ಅದು ಸತ್ತಿದೆ. ಬಯಾಸ್ ಪರದೆಯ ಅಂಕಿ ತುಸು ಹೆಚ್ಚಿರುವುದು ಸಹಜ, ಅಲ್ಲಿ ಪ್ರೊಸೆಸರ್ ತೂಕಡಿಸುವುದಿಲ್ಲ.

ಇಷ್ಟು ಕಲಿತು ಬೀಗಿದವನಿಗೆ ಮುಂದಿನ ಬೇಸಿಗೆ ಪಾಠ ಹೇಳಿತು. ಒಂದು ಮಧ್ಯಾಹ್ನ, ಬರಿಯ ಪದಗಳನ್ನು ಬೆರಳಚ್ಚಿಸುತ್ತಿದ್ದಾಗ, ಪರದೆಯ ಮೂಲೆಯಲ್ಲಿ ೮೪ ಕಂಡಿತು. ಇಪ್ಪತ್ತು ಕಳೆದರೆ ಅರವತ್ತನಾಲ್ಕು, ಬಿಡು ಎಂದುಕೊಂಡೆ. ನೋಡಿ, ನಾನು ಬಳಸುತ್ತಿದ್ದುದು ಹೊಸ ತಂತ್ರಾಂಶ. ಅದು ಆಗಲೇ ಇಪ್ಪತ್ತನ್ನು ಕಳೆದಿತ್ತು, ಕಳೆದುದನ್ನೇ ನಾನು ಮತ್ತೆ ಕಳೆದೆ! ಯಂತ್ರ ಮೊದಲು ಮಂದವಾಯಿತು. ಅರ್ಧ ಗಂಟೆಯಲ್ಲಿ ತಾನಾಗಿ ಆರಿತು. ಪಕ್ಕದ ಬಾಗಿಲು ತೆಗೆದರೆ, ಲೋಹದ ಗರಿಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಬಣ್ಣ ಬಳಿಯುವ ಕುಂಚದಿಂದ ಗುಡಿಸಿದೆ. ಅಂಗಡಿಯ ಹುಡುಗನನ್ನೇ ಕರೆಸಿ ಒಣಗಿದ್ದ ಶಾಖವಾಹಕ ಲೇಪವನ್ನು ಒರೆಸಿ ಹೊಸತು ಹಚ್ಚಿಸಿದೆ. ಪಾಪ, ಅವನು ಹಿಂದಿನ ಮಾತನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾರನೆಯ ದಿನ ಅಂಕಿ ನಲವತ್ತಕ್ಕೆ ಇಳಿದಿತ್ತು.

ಉಳಿಸದೆಯೇ ಹೋದ ಆ ಮಧ್ಯಾಹ್ನದ ಇಪ್ಪತ್ತಾರು ಪದಗಳಲ್ಲಿ ಇಪ್ಪತ್ತನಾಲ್ಕು ನೆನಪಿನಿಂದ ಮರಳಿ ಬಂದವು. ಚೀಟಿಗಳು ಎಂದೋ ಒಲೆ ಸೇರಿದ್ದವು. ಉಳಿದೆರಡೂ ಎತ್ತಿನ ಬಣ್ಣಕ್ಕೆ ಸಂಬಂಧಿಸಿದವೆಂಬುದಷ್ಟೇ ನೆನಪು. ಅವನ್ನು ಹೇಳಿಕೊಟ್ಟ ಅಜ್ಜ ಈಗಿಲ್ಲ. ಅವರ ತಮ್ಮನಿದ್ದಾರೆಂದು ಕೇಳಿದ್ದೇನೆ. ಬರುವ ವಾರ ಆ ಊರಿಗೆ ಹೋಗಬೇಕೆಂದಿದ್ದೇನೆ, ಜೇಬಿನಲ್ಲಿ ಒಂದಿಷ್ಟು ಖಾಲಿ ಚೀಟಿ ಇಟ್ಟುಕೊಂಡು.