ಇರುಳಿನ ದಂತಧಾವನ



ಕಳಸದ ಸೀಮೆಯಲ್ಲಿ ಬೆಳಗಿನ ಹೊತ್ತಿಗೆ ಬಚ್ಚಲೊಲೆಗಳಿಗೆ ಉರಿ ಬಿದ್ದು, ಹಂಡೆಯ ನೀರು ಕಾದು, ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುತ್ತಿರುವುದುಂಟು. ಆದರೆ ಹಿರಿಯರ ಕಾಫಿಯಾಗಲಿ ಮಕ್ಕಳ ಹಾಲಾಗಲಿ, ಹಲ್ಲುಜ್ಜಿ ಮುಖ ತೊಳೆದು ಬಂದವರಿಗಲ್ಲದೆ ಉಳಿದವರಿಗೆ ದೊರೆಯದೆಂಬುದು ಇಲ್ಲಿಯ ಮನೆಗಳ ಅಲಿಖಿತ ಶಾಸನ. ಭದ್ರೆಯ ದಂಡೆಯ ಅರ್ಚಕರ ಮನೆಯಲ್ಲಿಯೂ, ಕಾಫಿತೋಟದ ಬಂಗಲೆಯಲ್ಲಿಯೂ, ಕೂಲಿಯವರ ಲೈನುಮನೆಯಲ್ಲಿಯೂ ಈ ಒಂದು ವಿಷಯದಲ್ಲಿ ಮತಭೇದವಿಲ್ಲ. ಮನೆಯ ಬೇರಾವ ಮಾತಿಗೂ ಸೊಪ್ಪು ಹಾಕದ ಹುಡುಗನು ಇದಕ್ಕೆ ಮಾತ್ರ ಎದುರಾಡದೆ ಮಣಿಯುವನು. ಇದೊಂದು ಆಜ್ಞೆಯೆಂದೇ ಅವನಿಗೆ ತೋರುವುದಿಲ್ಲ.

ಈ ಶಾಸನವನ್ನು ಯಾರೂ ಮಕ್ಕಳನ್ನು ಕೂರಿಸಿಕೊಂಡು ಬೋಧಿಸಿದವರಲ್ಲ. ಹಿಂದಿನ ತೊಟ್ಟಿಮನೆಗಳಲ್ಲಿ, ಅಬ್ಬಿಯ ನೀರು ಅಡಿಕೆಯ ದಂಬೆಯಿಂದ ಧುಮುಕುವ ಕಲ್ಲುಹಾಸಿನ ಬಳಿ, ಅಜ್ಜಯ್ಯ ಮಾವಿನೆಲೆಯನ್ನು ಸುರುಳಿ ಸುತ್ತಿ ಹಲ್ಲುಜ್ಜುತ್ತ, ಚಿಕ್ಕಪ್ಪ ಉಮಿಕರಿಗೆ ಉಪ್ಪು ಬೆರೆಸಿ ತೋರುಬೆರಳಿನಿಂದ ತಿಕ್ಕುತ್ತ, ಅತ್ತೆ ತೆಂಗಿನ ಕಡ್ಡಿಯನ್ನು ಸೀಳಿ ನಾಲಗೆ ಹೆರೆಯುತ್ತ ನಿಂತಿರುವಾಗ, ಅವರ ಕಾಲ ಬಳಿಯ ಮೂರು ವರ್ಷದ ಮಗುವು ತಾನೂ ಒಂದೆಲೆಯನ್ನು ಬಾಯಿಗಿಟ್ಟು, ಹಿರಿಯರಂತೆಯೇ ಕ್ಯಾಕರಿಸಿ ಉಗುಳಿ ಹಿಗ್ಗುತ್ತಿತ್ತು. ಕಾಲಕ್ರಮದಲ್ಲಿ, 1913ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಬಂದಿತು. ಅದರ ಹಿಂದೆ ಬ್ರಷ್ಷೂ ಪೇಸ್ಟೂ ಬಂದುವು. ಸಾಧನಗಳು ಬದಲಾದುದಕ್ಕೆ ನನ್ನ ತಕರಾರಿಲ್ಲ. ಕರಿಯನ್ನು ಒರಟಾಗಿ ತಿಕ್ಕಿದರೆ ಹಲ್ಲಿನ ಮೇಲಣ ಕವಚ ಸವೆಯುವುದಾದ್ದರಿಂದ ಮಕ್ಕಳಿಗೆ ಮೃದುವಾದ ಬ್ರಷ್ಷೇ ಲೇಸು. ತಕರಾರಿರುವುದು ಆ ಕೂಟವು ಚದುರಿದುದಕ್ಕೆ. ಈಗ ಒಬ್ಬೊಬ್ಬರೂ ಬಾತ್‌ರೂಮಿನ ಕದವಿಕ್ಕಿಕೊಂಡು ತಂತಮ್ಮ ಹಲ್ಲುಗಳನ್ನು ಉಜ್ಜಿ ಬರುವರು. ಮಗುವನ್ನೂ ಒಂಟಿಯಾಗಿಯೇ ಒಳಗೆ ಅಟ್ಟುವರು. ಲೈನುಮನೆಗಳ ಮುಂದಿನ ನಲ್ಲಿಯ ಸುತ್ತ ಮಾತ್ರ ಬೆಳಗಿನ ಆ ಗುಂಪು ಇನ್ನೂ ಕಾಣಸಿಗುತ್ತದೆ, ಮತ್ತು ಈ ಒಂದು ವಿಚಾರದಲ್ಲಿ ಬಂಗಲೆಯ ಮಗುವಿಗಿಂತ ಅಲ್ಲಿಯ ಮಗುವೇ ಭಾಗ್ಯಶಾಲಿಯೆಂದು ನನ್ನ ಎಣಿಕೆ.

ಹಾಗೆ ಅಟ್ಟಿಸಿಕೊಂಡ ಐದು ವರ್ಷದ ಮಗು ಒಳಗೆ ಏನು ಮಾಡುತ್ತದೆಂಬುದನ್ನು ಕದದ ಸಂದಿಯಿಂದ ಇಣುಕಿದವರು ಬಲ್ಲರು. ಮೊದಲು ಪೇಸ್ಟಿನ ಸಿಹಿಯನ್ನು ನೆಕ್ಕುತ್ತದೆ. ಎದುರಿನ ನಾಲ್ಕು ಹಲ್ಲುಗಳ ಮೇಲೆ ಬ್ರಷ್ಷನ್ನು ಅಡ್ಡಡ್ಡವಾಗಿ ಎಳೆಯುತ್ತದೆ. ಅನಂತರ ಅದರ ಎಳೆಗಳನ್ನು ಕಬ್ಬಿನಂತೆ ಜಗಿಯುತ್ತ, ಕಿಟಕಿಯಾಚೆ ಪೇರಲೆಮರದ ಮೇಲಿನ ಅಳಿಲನ್ನು ನೋಡುತ್ತ ನಿಂತು, ಕೊನೆಗೆ "ಆಯ್ತಮ್ಮಾ" ಎಂದು ಕೂಗುತ್ತದೆ. "ಎಲ್ಲಿ, ಈ ಅನ್ನು ನೋಡುವಾ" ಎಂದು ಅಜ್ಜಿ ಕೇಳಿದರೆ ಆ ನಾಲ್ಕೇ ಹಲ್ಲುಗಳನ್ನು ತೋರಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಅಂಗಿಯ ಗುಂಡಿಯನ್ನು ನೆಟ್ಟಗೆ ಹಾಕಿಕೊಳ್ಳಲಾರದ, ಅಕ್ಷರವನ್ನು ಗೆರೆಗಳ ನಡುವೆ ನಿಲ್ಲಿಸಲಾರದ ಎಳೆಯ ಕೈ ದವಡೆಯ ಒಳಮೂಲೆಯನ್ನು ಶುಚಿಗೊಳಿಸೀತೆ? ಆದಕಾರಣ ಏಳೆಂಟು ವರ್ಷ ತುಂಬುವ ತನಕ ಹಿರಿಯರ ಕೈ ಬ್ರಷ್ಷಿನ ಮೇಲೆ ಇರತಕ್ಕದ್ದೆಂದು ದಂತವೈದ್ಯರು ಹೇಳುವರು. ಮಗು ತಾನೇ ಉಜ್ಜಿಕೊಳ್ಳುವ ಸಂಭ್ರಮವನ್ನು ಮುಗಿಸಲಿ; ಬಳಿಕ ಅದರ ಬೆನ್ನ ಹಿಂದೆ ನಿಂತು, ತಲೆಯನ್ನು ನಿಮ್ಮ ಎದೆಗೆ ಒರಗಿಸಿಕೊಂಡು, ಎಡಗೈಯ ಬೆರಳಿನಿಂದ ತುಟಿಯನ್ನು ಎತ್ತಿ, ಒಳಗೂ ಹೊರಗೂ ಎರಡು ನಿಮಿಷ ಮೆಲ್ಲನೆ ಉಜ್ಜಬೇಕು. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ಷಿನುದ್ದಕ್ಕೂ ಹಾಕುವುದರಿಂದ ಲಾಭವೆಲ್ಲ ತಯಾರಿಸಿದವನಿಗೆ.

"ಹಾಲುಹಲ್ಲು ತಾನೆ, ಬಿದ್ದುಹೋಗುತ್ತದೆ ಬಿಡಿ" ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆಸೆಯುವ ಉತ್ಸವಕ್ಕೆ ನಾನು ಅಡ್ಡ ಬರುವವನಲ್ಲ. ಆದರೆ ಇಪ್ಪತ್ತು ಹಾಲುಹಲ್ಲುಗಳಲ್ಲಿ ಹಿಂದಿನವು ಹತ್ತು ಹನ್ನೆರಡು ವರ್ಷದವರೆಗೂ ಇರತಕ್ಕವು. ಅವು ಹುಳುಕು ಬಿದ್ದು ಮೊದಲೇ ಉದುರಿದರೆ ಅಕ್ಕಪಕ್ಕದವು ಆ ತೆರವಿಗೆ ವಾಲಿ, ಮುಂದೆ ಬರುವ ಹಲ್ಲಿಗೆ ದಾರಿಯಿಲ್ಲದಂತಾಗುತ್ತದೆ. ಇದಕ್ಕಿಂತಲೂ ಹೆಚ್ಚಿನ ಮೋಸವಾಗುವುದು ಮಗು ಒಂದನೆಯ ತರಗತಿಗೆ ಸೇರುವ ಕಾಲದಲ್ಲಿ. ಸುಮಾರು ಆರನೆಯ ವರ್ಷಕ್ಕೆ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಸಾಲಿನ ಹಿಂದುಗಡೆ ಒಂದು ದೊಡ್ಡ ದವಡೆಹಲ್ಲು ಸದ್ದಿಲ್ಲದೆ ಮೇಲೇಳುತ್ತದೆ. ಇದೂ ಹಾಲುಹಲ್ಲೇ ಎಂದು ತಂದೆತಾಯಿಗಳು ಭಾವಿಸುವರು. ವಾಸ್ತವವಾಗಿ ಅದು ಬಾಳಿನುದ್ದಕ್ಕೂ ಅಗಿಯಬೇಕಾದ ಶಾಶ್ವತ ಹಲ್ಲು, ಹೋದರೆ ಮತ್ತೆ ಬಾರದು. ಅದರ ನೆತ್ತಿಯ ಆಳವಾದ ಗೀರುಗಳಲ್ಲಿ ಬೆಲ್ಲವೂ ಬಿಸ್ಕತ್ತೂ ಸುಖವಾಗಿ ಮನೆ ಮಾಡಿಕೊಳ್ಳುತ್ತವೆ.

ನಮ್ಮ ಬೆಳಗಿನ ಶಿಸ್ತನ್ನು ಎಷ್ಟು ಹೊಗಳಿದರೂ ಸಲ್ಲುವುದು; ಇರುಳಿನ ಉದಾಸೀನಕ್ಕೆ ಮಾತ್ರ ಸಮರ್ಥನೆಯಿಲ್ಲ. ತಿಂಡಿಯ ಶೇಷದಲ್ಲಿರುವ ಸಕ್ಕರೆಯನ್ನು ಬಾಯೊಳಗಿನ ಸೂಕ್ಷ್ಮಜೀವಿಗಳು ಆಮ್ಲವಾಗಿ ಪರಿವರ್ತಿಸುವುವು. ಹಗಲಿನಲ್ಲಿ ಜೊಲ್ಲು ಆ ಆಮ್ಲವನ್ನು ತೊಳೆದು ತಣಿಸುತ್ತಿರುವುದು. ನಿದ್ರೆಯಲ್ಲಿ ಜೊಲ್ಲಿನ ಒಸರು ಕುಗ್ಗುವುದರಿಂದ ಹಲ್ಲಿಗೆ ಕಾವಲಿಲ್ಲದಾಗುತ್ತದೆ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಕೂಸಿನ ಮುಂದಿನ ಹಲ್ಲುಗಳು ಕರಗುವುದು ಹೀಗೆಯೇ. ಮಲಗುವ ಮುನ್ನ ಹಲ್ಲುಜ್ಜುವುದು ಪೇಟೆಯವರ ಹೊಸ ನಾಜೂಕೆಂದು ನಗುವ ಹಿರಿಯರು ನಮ್ಮಲ್ಲಿದ್ದಾರೆ. ಅವರು ಚರಕಸಂಹಿತೆಯ ಸೂತ್ರಸ್ಥಾನವನ್ನು ನೋಡಬೇಕು: ಒಗರು, ಖಾರ, ಕಹಿ ರಸಗಳುಳ್ಳ, ತುದಿಯನ್ನು ಜಜ್ಜಿದ ಕಡ್ಡಿಯಿಂದ ದಿನಕ್ಕೆ ಎರಡು ಹೊತ್ತು, ಒಸಡಿಗೆ ನೋವಾಗದಂತೆ ಹಲ್ಲುಜ್ಜಬೇಕೆಂದು ಅಲ್ಲಿ ವಿಧಿಸಿದೆ, ಕಡ್ಡಿಗಾಗುವ ಮರಗಳಲ್ಲಿ ನಮ್ಮ ಹೊಂಗೆಯ ಹೆಸರೂ ಉಂಟು. ಒಂದು ಹೊತ್ತನ್ನು ಆಚಾರವೆಂದು ಉಳಿಸಿಕೊಂಡು ಇನ್ನೊಂದನ್ನು ಮರೆತವರು ನಾವು.

ಮರೆತುದನ್ನು ಮರಳಿ ರೂಢಿಸಲು ನಮ್ಮ ಊರಿನ ಮಳೆಗಾಲವೇ ದೊಡ್ಡ ವಿಘ್ನ. ಜೂನ್ ತಿಂಗಳಿಂದ ಹಿಡಿದ ಜಡಿಮಳೆಯಲ್ಲಿ, ಕರೆಂಟಿಲ್ಲದ ರಾತ್ರಿ, ಕೊರೆಯುವ ಅಬ್ಬಿಯ ನೀರನ್ನು ಬಾಯಿಗೆ ಹಾಕಿಕೊಳ್ಳೆಂದರೆ ಯಾವ ಮಗುವೂ ಒಪ್ಪದು, ಒಪ್ಪಬೇಕಾಗಿಯೂ ಇಲ್ಲ. ಹಂಡೆಯಲ್ಲಿ ಉಳಿದ ಬೆಚ್ಚನೆಯ ನೀರಿನ ಒಂದು ಚೊಂಬು ಅಲ್ಲಿ ನೂರು ಗದರಿಕೆಗಳ ಕೆಲಸ ಮಾಡುತ್ತದೆ. ಹೊತ್ತನ್ನೂ ತುಸು ಹಿಂದಕ್ಕೆ ಸರಿಸಬೇಕು: ನಿದ್ದೆ ತೂಗಲು ಮೊದಲಾದ ಮೇಲೆ ಎಬ್ಬಿಸಿ ಹಲ್ಲುಜ್ಜಿಸಿದರೆ ಅದು ಶಿಕ್ಷೆಯಾಗುತ್ತದೆ, ಕೈತೊಳೆದ ಕೂಡಲೆ ಮುಗಿಸಿಬಿಟ್ಟರೆ ಊಟದ ಕೊನೆಯ ಭಾಗವಾಗಿ ಹೊಂದಿಕೊಳ್ಳುತ್ತದೆ. ಆಮೇಲೆ ಮಗುವಿಗೆ ನೀರಲ್ಲದೆ ಬೇರೇನನ್ನೂ ಕೊಡಬಾರದು. ಅಜ್ಜನ ಜೇಬಿನ ಪೆಪ್ಪರಮೆಂಟಿಗೂ ಈ ನಿಯಮ ಅನ್ವಯಿಸುತ್ತದೆ.

ಇಂದು ರಾತ್ರಿ ಊಟವಾದೊಡನೆ "ಹೋಗಿ ಹಲ್ಲುಜ್ಜು" ಎಂದು ಮಗುವನ್ನು ಅಟ್ಟದೆ, ನಿಮ್ಮ ಬ್ರಷ್ಷನ್ನೂ ಕೈಯಲ್ಲಿ ಹಿಡಿದು ಅದರ ಜೊತೆಗೇ ಬಚ್ಚಲಿಗೆ ನಡೆಯಿರೆಂದು ಬೇಡಿಕೊಳ್ಳುತ್ತೇನೆ.